ಕೌದಿ ಅಜ್ಜಿಯ ಅಹವಾಲು

ಇಳಕಲ್ಲಿನ ನಮ್ಮ ಓಣಿಯಲ್ಲಿ ಹಳೆಯ ಸೀರೆ, ಧೋತರಗಳ ಆಯುಷ್ಯ ನಿರ್ಧರಿಸುವ ಸರ್ವಾಧಿಕಾರ ಕೌದಿ ಹೊಲಿಯುವ ಅಜ್ಜಿಯದಾಗಿತ್ತು. ಅರಿವೆಯನ್ನು ಬಿಸಿಲಿಗೆ ಹಿಡಿದು, ಎರಡು ಸಲ ಜಗ್ಗಿ, "ಇದಕ್ಕಿನ್ನಾ ಜೀವ ಐತಿ" ಎಂದು ತೀರ್ಪು ಕೊಡುತ್ತಿದ್ದಳು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ತೀರಿಹೋದ ನನ್ನವ್ವನ ಸೀರೆಗಳನ್ನೂ ಅವಳಿಗೇ ಕೊಟ್ಟಿದ್ದೆ. ಅವನ್ನು ಪದರ ಪದರವಾಗಿ ಜೋಡಿಸಿ ಹೊಲಿಯುತ್ತಿದ್ದ ಕೌದಿಯಲ್ಲಿ ಒಂದು ಮೂಲೆಯಷ್ಟೇ ಉಳಿದಾಗ ಕೆಲಸ ನಿಂತಿತು. ಕೇಳಿದರೆ, "ಅವಸರ ಮಾಡಬ್ಯಾಡ್ರಿ ಮಾಸ್ತರ" ಎನ್ನುತ್ತಿದ್ದಳು.

ಆಗಲೇ ಯುರೋಪಿನ ಪರಿಸರ ಸಂಘವೊಂದರ ಹೆಣ್ಣುಮಗಳು ಊರಿಗೆ ಬಂದಳು. ವಸ್ತುಗಳು ಬಾಳಿಕೆ ಬರಬೇಕು, ಕೆಟ್ಟರೆ ರಿಪೇರಿಯಾಗಬೇಕು ಎಂಬ ಕಾನೂನಿಗಾಗಿ ಅವರ ಸಂಘ ಅಲ್ಲಿನ ಸರಕಾರಗಳ ಬೆನ್ನುಹತ್ತಿತ್ತಂತೆ. ಇಂಗ್ಲಿಷ್ ಬಲ್ಲ ಸಾಲಿ ಮಾಸ್ತರನೆಂದು ದುಭಾಷಿಯ ಪದವಿ ನನಗೆ ಪ್ರಾಪ್ತವಾಯಿತು. ಅಜ್ಜಿಯ ಮನೆಯಲ್ಲಿ ಕೌದಿ ಸವರುತ್ತ ಆಕೆ, ಅವಳಿಗೆ ಸರಕಾರದಿಂದ ಏನು ಬೇಕೆಂದು ಕೇಳಿದಳು.

ಅಜ್ಜಿ ದನಿ ತಗ್ಗಿಸಿದಳು. "ಕಣ್ಣು ಮಂಜಾಗ್ಯಾವ್ರಿ ಮಾಸ್ತರ. ಸೂಜ್ಯಾಗ ದಾರ ಪೋಣಿಸಿಕೊಡ್ಲಿ ಅಂತ ಹೇಳ್ರಿ. ಓಣ್ಯಾಗ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಮುದುಕೀದು ಮುಗೀತು ಅಂತಾರ."

ನಾನು ಅನುವಾದಿಸಿದೆ. ಆಕೆ ನೋಟ್‌ಬುಕ್ ಮುಚ್ಚಿ, ನೆಲಕ್ಕೆ ಕುಳಿತು, ಡಬ್ಬಿಯ ಅಷ್ಟೂ ಸೂಜಿಗಳಿಗೆ ದಾರ ಪೋಣಿಸಿದಳು.

"ನಿಮ್ಮ ಸರಕಾರ ಭಾಳ ಶ್ಯಾಣ್ಯಾ ಐತಿ ಬಿಡವ್ವಾ!" ಎಂದು ಅಜ್ಜಿ ನಕ್ಕಳು.

ಮರುದಿನ ಮೂಲೆ ಮುಗಿಯಿತು. ಆಕೆ ತನ್ನ ದೇಶಕ್ಕೆ ಹೋದಮೇಲೆ ಆ ಸರಕಾರಿ ಕೆಲಸವನ್ನು ನಾನೇ ವಹಿಸಿಕೊಂಡೆ. ಅಜ್ಜಿ ಇರುವತನಕ, ಸಾಲಿಗೆ ಹೋಗುವ ಮುನ್ನ ಗುಟ್ಟಾಗಿ ದಾರ ಪೋಣಿಸಿ ಬರುತ್ತಿದ್ದೆ.

ಮೊನ್ನೆ ಅವ್ವನ ಕೌದಿ ಹರಿಯಿತು. ಬಿಸಿಲಿಗೆ ಹಿಡಿದು ಎರಡು ಸಲ ಜಗ್ಗಿದೆ, ಇನ್ನೂ ಜೀವವಿತ್ತು. ಕನ್ನಡಕ ಏರಿಸಿ ಸೂಜಿ ಹಿಡಿದೆ. ದಾರ ಪೋಣಿಸಲು ಆಗಲಿಲ್ಲ. ಓಣಿಯಲ್ಲಿ ಯಾರಿಗೂ ಹೇಳಿಲ್ಲ.