ಹೂಂ ತೆಗೆಯದ ಕಥೆ

ಪ್ರತಿ ಡಿಸೆಂಬರ್ ಕೊನೆಗೆ ನಾನು ಬಹುಮಾನ ಹಂಚುತ್ತೇನೆ. ಗೆದ್ದವರಿಗೆ ಅದು ಗೊತ್ತಾಗುವುದಿಲ್ಲ. ಶಹಾಪುರದಲ್ಲಿ ನನ್ನ ಮನೆ, ಸುರಪುರದಲ್ಲಿ ನಾನು ವಿಜ್ಞಾನ ಕಲಿಸುವ ಹೈಸ್ಕೂಲು. ನಡುವಿನ ಬಸ್ಸಿನಲ್ಲಿ ವರ್ಷವಿಡೀ ಪಾಡ್‌ಕಾಸ್ಟ್ ಕೇಳುತ್ತೇನೆ. ವರ್ಷದ ಕೊನೆಗೆ ಅದೇ ಬಸ್ಸಿನಲ್ಲಿ ಕೂತು, ಯಾರಿಗೆ ಶಾಲು ಹೊದಿಸಬೇಕು, ಯಾರ ಕಿವಿ ಹಿಂಡಬೇಕು ಎಂದು ಒಬ್ಬಳೇ ತೀರ್ಪು ಕೊಡುತ್ತೇನೆ.

ಮೊದಲು ಕಿವಿ ಹಿಂಡುವ ಕೆಲಸ, ನನಗೆ ಅದೇ ಇಷ್ಟ. ತಾವೇ ಜೋಕು ಹೇಳಿ ತಾವೇ ನಗುವ ಗೆಳೆಯರ ಜೋಡಿಗೆ ಈ ವರ್ಷವೂ ಕ್ಷಮೆ ಇಲ್ಲ. ವಿಷಯಕ್ಕೆ ಬರುವಷ್ಟರಲ್ಲಿ ಬಸ್ಸು ಅರ್ಧ ದಾರಿ ಮುಗಿಸಿರುತ್ತದೆ. ಅತಿಥಿ ತನ್ನ ತಾಯಿ ತೀರಿಹೋದದ್ದನ್ನು ಹೇಳುವಾಗ ಹಿಂದೆ ಪಿಟೀಲು ಕುಯ್ಯಿಸುವವರು, ಅದರ ಬೆನ್ನಿಗೇ ಹಾಸಿಗೆಯ ಜಾಹೀರಾತು ಹಾಕುವವರು, ಇವರೆಲ್ಲ ನನ್ನ ಕೈಗೆ ಸಿಗಬಾರದು. ಎಲ್ಲಕ್ಕಿಂತ ದೊಡ್ಡ ಸಿಟ್ಟು ಬೇರೆ. ಇವರ ಉತ್ತರ ಕರ್ನಾಟಕ ಧಾರವಾಡಕ್ಕೇ ಮುಗಿದುಹೋಗುತ್ತದೆ. ಅಪ್ಪಿತಪ್ಪಿ ಯಾದಗಿರಿ ಕಡೆಯವರು ಸಿಕ್ಕರೆ ‘ಅಲ್ಲಿ ಬಿಸಿಲು ಜಾಸ್ತಿ ಅಲ್ವಾ?’ ಎಂದು ಕೇಳಿ ಕೈ ತೊಳೆದುಕೊಳ್ಳುತ್ತಾರೆ. ಇವರ ಕಥೆಗಳಲ್ಲಿ ನಮ್ಮ ಕಡೆಯ ಕನ್ನಡ ನಗಿಸಲಿಕ್ಕೆ ಮಾತ್ರ ಬರುತ್ತದೆ. ಅದನ್ನು ಕಳ್ಳ ಮಾತಾಡುತ್ತಾನೆ, ಕುಡುಕ ಮಾತಾಡುತ್ತಾನೆ, ಅಷ್ಟೇ.

ಮೆಚ್ಚಿದವರೂ ಇದ್ದಾರೆ. ಹುಳುಹುಪ್ಪಟೆಯ ಬಗ್ಗೆ ಅವಸರವಿಲ್ಲದೆ ಮಾತಾಡುವ ಒಬ್ಬಾಕೆ ಇದ್ದಾಳೆ, ಅವಳನ್ನು ಕೇಳಿದ ಮೇಲೆ ನಾನು ಗೆದ್ದಲನ್ನು ಬೈಯುವುದು ಬಿಟ್ಟಿದ್ದೇನೆ. ಆದರೆ ಮೊದಲ ಬಹುಮಾನ ಸದಾ ಒಬ್ಬನಿಗೇ: ಬೆಂಗಳೂರಿನಲ್ಲಿ ಕೂತು ಜನಪದ ಕಥೆ ಹೇಳುವ ತರುಣ. ಎಂಥ ದನಿ! ಆ ದನಿಗೆ ನಾನು ಎಷ್ಟೋ ಸಲ ನಿಲ್ದಾಣ ದಾಟಿ ಇಳಿದಿದ್ದೇನೆ.

ಈ ವರ್ಷ ಅವನು ಕೇಳುಗರಿಗೆ, ನಿಮ್ಮ ಮನೆಯ ಕಥೆಗಳನ್ನು ಹೇಳಿಸಿ ಕಳಿಸಿ ಎಂದ. ವರ್ಷದ ಕೊನೆಯ ಕಂತಿಗೆ ಒಂದನ್ನು ಆರಿಸುತ್ತಾನಂತೆ. ನನಗೆ ಬೇರೆ ಯೋಚನೆಯೇ ಬರಲಿಲ್ಲ. ಕೆಂಭಾವಿಯಲ್ಲಿ ನನ್ನ ಚಿಗವ್ವ ಇದ್ದಾಳೆ, ನಮ್ಮವ್ವನ ತಂಗಿ. ಹತ್ತಿ ಬಿಡಿಸುವಾಗ ಅವಳು ಕಥೆ ಶುರುಮಾಡಿದರೆ ಹೆಂಗಸರು ಅವಳ ಸಾಲು ಬಿಟ್ಟು ಮುಂದೆ ಹೋಗುವುದಿಲ್ಲ.

ಭಾನುವಾರ ಅವಳ ಮನೆಗೆ ಹೋದೆ. ಮೊದಲು ಆ ತರುಣನ ಒಂದು ಕಥೆ ಹಚ್ಚಿದೆ. ಚಿಗವ್ವ ಫೋನಿನ ಮುಂದೆ ಕೂತು, ನಮ್ಮಲ್ಲಿ ಕಥೆ ಕೇಳುವವರೆಲ್ಲ ಅನ್ನುವಂತೆ, ವಾಕ್ಯಕ್ಕೊಮ್ಮೆ “ಹೂಂ” ಅಂದಳು. ಸ್ವಲ್ಪ ಹೊತ್ತಿಗೆ ಮುಖ ಗಂಟಿಕ್ಕಿದಳು.

“ಏನವ್ವಾ ಇವ, ಹೂಂ ಅನ್ನಾಕ ಜಾಗಾನೇ ಬಿಡವಲ್ಲ. ನಾವು ಕೇಳಾಕತ್ತೀವೋ ಎದ್ದು ಹೋಗೀವೋ, ಇವಗ ಖಬರೇ ಇಲ್ಲ.”

ನನ್ನ ಮೆಚ್ಚಿನವನಿಗೆ ಹೀಗೆ ಅಂದಳಲ್ಲ ಎಂದು ಸ್ವಲ್ಪ ಬೇಜಾರಾಯಿತು. ನಗುವೂ ಬಂತು.

ಆಮೇಲೆ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ರೆಕಾರ್ಡಿಂಗ್ ಶುರುಮಾಡಿದೆ. ಬೇರೆ ಸದ್ದು ಬರಬಾರದೆಂದು ನಾನು ತುಟಿ ಬಿಗಿದು ಕೂತೆ. ಚಿಗವ್ವ ಶುರುಮಾಡಿದಳು: “ಒಂದೂರಾಗ ಒಬ್ಬಾಕಿ ಸೊಸಿ ಇದ್ದಳಂತ.” ನಿಂತಳು. ನಾನು ತಲೆಯಾಡಿಸಿದೆ. “ಆ ಮನ್ಯಾಗ ಯಾರೂ ನಗಬಾರ್ದಂತ.” ಮತ್ತೆ ನಿಂತಳು. ಮತ್ತೆ ತಲೆಯಾಡಿಸಿದೆ.

“ಯಾಕ, ಬಾಯಾಗೇನು ಇಟಗೊಂಡಿ?”

“ರೆಕಾರ್ಡ್ ಆಗಾಕತ್ತೈತಿ ಚಿಗವ್ವಾ. ನನ್ನ ಆವಾಜು ಬರಬಾರ್ದು.”

“ನೀ ತಲಿ ಆಡಿಸಿದ್ರ ಕಥಿಗೆ ಕೇಳಸ್ತೈತೇನು? ಹೂಂ ಅನ್ನಂಗಿದ್ರ ಹೇಳ್ತೀನಿ, ಇಲ್ಲಂದ್ರ ಒಲಿ ಮ್ಯಾಲ ಬ್ಯಾಳಿ ಐತಿ, ಹೋಗ್ತೀನಿ.”

ಸರಿ, ಹೂಂ ಅಂದೆ. ನಗಬಾರದ ಮನೆಯ ಸೊಸೆ ತನ್ನ ನಗುವನ್ನೆಲ್ಲ ಒಂದು ಗಡಿಗೆಯಲ್ಲಿ ನಕ್ಕು, ಬಾಯಿ ಕಟ್ಟಿಟ್ಟು, ಒಂದು ದಿನ ಅತ್ತೆಯೇ ಆ ಗಡಿಗೆಯ ಬಾಯಿ ಬಿಚ್ಚುವ ಕಥೆ ಅದು. ಹೂಂ ಬಿದ್ದ ಹಾಗೆಲ್ಲ ಚಿಗವ್ವ ಅರಳಿದಳು. ಒಮ್ಮೆ ನನ್ನ ಹೂಂ ತುಸು ಮೆಲ್ಲಗಾದಾಗ ದನಿ ಏರಿಸಿ ನನ್ನನ್ನು ಎಳೆದುಕೊಂಡಳು. ಅಂದೇ ಕಳಿಸಿದೆ. ಚಿಗವ್ವ ಮರುದಿನ ಹೊಲದಲ್ಲಿ ಎಲ್ಲರಿಗೂ ಹೇಳಿಬಿಟ್ಟಳು, ನನ್ನ ಕಥೆ ಬೆಂಗಳೂರಿಗೆ ಹೋಗಿದೆ ಎಂದು.

ಉತ್ತರ ಬಂತು. ‘ಕಥೆ ತುಂಬಾ ಚೆನ್ನಾಗಿದೆ ಮೇಡಂ. ಆದರೆ ಮಧ್ಯೆ ಮಧ್ಯೆ ಯಾರೋ ಹೂಂ ಅಂತಿದ್ದಾರೆ. ಅದಿಲ್ಲದೆ, ಸಾಧ್ಯವಾದರೆ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ, ಇನ್ನೊಮ್ಮೆ ಹೇಳಿಸಿ ಕಳಿಸ್ತೀರಾ?’

ಆ ‘ಯಾರೋ’ ನಾನು. ಸುರಪುರದ ಬಸ್ ನಿಲ್ದಾಣದಲ್ಲಿ ನಿಂತು ಅದನ್ನು ಓದಿದೆ. ಮೈಯೆಲ್ಲ ಉರಿಯಿತು. ಬೇರೆ ಯಾರೋ ಬರೆದಿದ್ದರೆ ಎರಡು ಬೈದು ಮರೆಯುತ್ತಿದ್ದೆ. ಇವನು ಬರೆದನಲ್ಲ ಎಂದು ಸಂಕಟವಾಯಿತು. ಒಪ್ಪದಿದ್ದರೆ ಚಿಗವ್ವ ಆ ಹೆಂಗಸರ ಮುಂದೆ ಯಾವ ಮುಖ ಹೊತ್ತು ಸಾಲು ಹಿಡಿಯಬೇಕು? ಒಪ್ಪಿದರೆ ಅವಳಿಗೆ ನಾನು ಏನೆಂದು ಹೇಳಲಿ, ನಿನ್ನ ಮಾತು ನಡೆಯುವುದಿಲ್ಲ ಎಂದೇ? ಬಸ್ಸು ಬಂತು, ಹತ್ತಲಿಲ್ಲ. ಅಲ್ಲೇ ನಿಂತು ದನಿ ಸಂದೇಶ ಕಳಿಸಿದೆ, ನಮ್ಮ ಭಾಷೆಯಲ್ಲೇ.

“ನೋಡ್ರಿ ಸರ, ಇಷ್ಟು ವರ್ಷ ನಿಮ್ಮ ಕನ್ನಡ ನಾ ತಿಳಕೊಂಡೀನಿ. ಒಂದ್ ಸಲ ನಮ್ಮದು ನೀವು ತಿಳಕೋರ್ರಿ. ಹೂಂ ತೆಗದ್ರ ಆಕಿ ಯಾರಿಗೆ ಹೇಳಾಕತ್ಯಾಳ ಅನ್ನೋದೇ ಹೋಗಿಬಿಡ್ತೈತಿ. ಹಾಕಿದ್ರ ಹಿಂಗೇ ಹಾಕ್ರಿ. ಇಲ್ಲಂದ್ರ ಬ್ಯಾಡ್ರಿ.”

ಕಳಿಸಿ ಮುಂದಿನ ಬಸ್ಸು ಹತ್ತಿದೆ. ಅವನಿಂದ ಮಾತಿಲ್ಲ ಕಥೆಯಿಲ್ಲ. ಚಿಗವ್ವ ಫೋನ್ ಮಾಡಿ “ಬಂತೇನವ್ವಾ?” ಎಂದಾಗಲೆಲ್ಲ ಏನೇನೋ ಹೇಳಿ ಸಾಗಹಾಕಿದೆ.

ವರ್ಷದ ಕೊನೆಯ ಭಾನುವಾರ ಕಂತು ಬಂತು. ಅವನ ಆ ದನಿ ಶುರುವಿನಲ್ಲೇ ಹೇಳಿತು: “ಈ ಕಥೆಗೆ ನಾನು ಕತ್ತರಿ ಹಾಕಲು ಹೊರಟಿದ್ದೆ. ಒಬ್ಬ ಟೀಚರು ಬೈದು ಬುದ್ಧಿ ಹೇಳಿದರು. ನೀವೂ ಹೂಂ ಅನ್ನುತ್ತಾ ಕೇಳಿ.”

ಮನೆಯಲ್ಲಿ ಕೂರಲಾಗಲಿಲ್ಲ. ಕೆಂಭಾವಿಗೆ ಹೋಗಿ ಸೀದಾ ಹೊಲಕ್ಕೆ ನಡೆದೆ. ಹೆಂಗಸರು ಉಡಿಯ ಹತ್ತಿ ಸುರಿದು ಬಂದು ಕೂತರು. ಸದ್ದು ಜೋರಾಗಲೆಂದು ಫೋನನ್ನು ನೀರಿನ ಚರಿಗೆಯೊಳಗೆ ಇಳಿಬಿಟ್ಟೆವು, ನೀರು ಚೆಲ್ಲಿ ಒರೆಸಿದ ಮೇಲೆ. “ಒಂದೂರಾಗ ಒಬ್ಬಾಕಿ ಸೊಸಿ ಇದ್ದಳಂತ,” ಎಂದಿತು ಚರಿಗೆ. ನನ್ನ ರೆಕಾರ್ಡಾದ ಹೂಂ ಬರುವ ಮೊದಲೇ ಅವರೆಲ್ಲ ಒಟ್ಟಿಗೆ ಹೂಂ ಅಂದರು. ಚಿಗವ್ವ ಮಾತ್ರ ನಮಗೆ ಬೆನ್ನು ಹಾಕಿ ಹತ್ತಿ ಕೀಳುತ್ತಲೇ ಇದ್ದಳು. ಕೇಳುತ್ತಿಲ್ಲವೆಂಬ ನಾಟಕ. ಒಂದೇ ಗಿಡದ ಮುಂದೆ ಎಷ್ಟು ಹೊತ್ತು ನಿಂತಿದ್ದಳೆಂದರೆ ಅದರಲ್ಲಿ ಕೀಳಲು ಏನೂ ಉಳಿದಿರಲಿಲ್ಲ.

ಕಥೆ ಮುಗಿದ ಮೇಲೆ ಕಂತಿನ ಕೆಳಗೆ ಕೇಳುಗರು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಮಂಗಳೂರಿನಿಂದ ಒಬ್ಬರು ‘ಹೂಂ’ ಎಂದಷ್ಟೇ ಬರೆದಿದ್ದರು. ಮೈಸೂರಿನವರೂ ‘ಹೂಂ’. ಬೀದರಿನವರು ‘ಹೂಂ, ಮುಂದ?’ ‘ಅಜ್ಜಿ ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಹೂಂ ಅಂದೆ’ ಎಂದು ಒಬ್ಬ ಹುಡುಗಿ. ಕೆಳಗೆ ಎಳೆದಷ್ಟೂ ಹೂಂ, ಹೂಂ, ಹೂಂ. ಅದು ಮುಗಿಯಲೇ ಇಲ್ಲ. ಗೆದ್ದೆವು ಎಂದು ಕೂಗಬೇಕೆನಿಸಿತು, ಕೂಗಿಯೂ ಬಿಟ್ಟೆ. ಹೊಲದ ಬದುವಿನ ಮೇಲಿದ್ದ ಬೆಳ್ಳಕ್ಕಿ ಹಾರಿಹೋದವು.

ಚಿಗವ್ವ ತಿರುಗಿದಳು. ಕಣ್ಣು ಕೆಂಪಾಗಿದ್ದವು. ಸೆರಗಿಗೆ ಕೈ ಒರೆಸಿಕೊಂಡು ಬಂದು ಚರಿಗೆಯ ಪಕ್ಕ ಕೂತಳು.

“ಫೋನಿನಾಗ ಹೂಂ ಅಂದೋರೆಲ್ಲಾ ಇನ್ನಾ ಕುಂತಾರೇನು?”

“ಕುಂತಾರ ಚಿಗವ್ವಾ.”

“ಹಂಗಾರ ಸುಮ್ಮ ಕುಂದರಿಸಬಾರ್ದು. ಹಚ್ಚು ಫೋನು.”

ನಾನು ರೆಕಾರ್ಡಿಂಗ್ ಒತ್ತಿದೆ. ಗಾಳಿ ಬೀಸುತ್ತಿತ್ತು, ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಗುಡುಗುಡು ಅನ್ನುತ್ತಿತ್ತು. ಇರಲಿ ಅಂದುಕೊಂಡೆ.

“ಒಂದೂರಾಗ,” ಅಂದಳು ಚಿಗವ್ವ, ನನ್ನ ಮುಖ ನೋಡಿ ನಿಂತಳು.

“ಹೂಂ,” ಅಂದೆ, ಬೆಂಗಳೂರಿಗೆ ಕೇಳುವಷ್ಟು ಜೋರಾಗಿ.