ಟಾರ್ಚಿನ ಬಲ್ಬು, ಅಣ್ಣಯ್ಯನ ಬೆಸುಗೆ

ರೇಡಿಯೋದ ಗುಂಡಿ ತಿರುಗಿಸಿದ ಮೇಲೆ ದನಿ ಹೊರಡುವವರೆಗೆ ಒಂದು ಅರ್ಧ ನಿಮಿಷ ಇದೆಯಲ್ಲ, ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗುವಷ್ಟು ಹೊತ್ತು, ಅದನ್ನು ಕೂತು ಕಳೆಯುವುದು ನನ್ನಿಂದಾಗದ ಕೆಲಸ. ಉಳಿದವರು ಆ ಹೊತ್ತಿನಲ್ಲಿ ಎಲೆಗೆ ಸುಣ್ಣ ಸವರುತ್ತಾರೆ, ಬಾಕಿ ಕೆಮ್ಮನ್ನು ಕೆಮ್ಮಿ ಮುಗಿಸುತ್ತಾರೆ. ನಾನು ಎದ್ದು ಹಿತ್ತಲಿಗೆ ಹೋಗಿ, ತೊಳೆದ ಕಾಲನ್ನೇ ಮತ್ತೆ ತೊಳೆದು ಬರುತ್ತೇನೆ. “ವಾರ್ತೆ ಅಂದ್ರೆ ನಿಮ್ಗ್ಯಾಕೆ ಇಂಗೆ ಎದೆ ಒಡ್ಕತದೆ?” ಎಂದು ಹೆಂಡತಿ ಕೇಳುತ್ತಾಳೆ. ನನ್ನ ಹೆದರಿಕೆ ವಾರ್ತೆಯದಲ್ಲ, ದನಿ ಬಾರದೆ ಹೋದೀತೆಂಬುದು.

ನಾಲ್ಕನೇ ತರಗತಿಯಲ್ಲಿ ವಿದ್ಯೆಗೂ ನನಗೂ ಪರಸ್ಪರ ಬೇಸರ ಬಂದಿದ್ದರಿಂದ ಅಣ್ಣಯ್ಯ ರುದ್ರಪ್ಪ ಹಾಸನದ ತನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ನನ್ನನ್ನು ಕೂರಿಸಿಕೊಂಡಿದ್ದ. ನಾನು ಕೂತದ್ದು ಕಡಿಮೆ. ಅವನು ಒಂದು ತಂತಿ ಬೆಸೆಯುವಷ್ಟರಲ್ಲಿ ಹೊಳೆನರಸೀಪುರದ ಬಸ್ಸು ಬಂತೇ ಎಂದು ನೋಡಿಕೊಂಡು ಬಂದಿರುತ್ತಿದ್ದೆ. ಅದರಲ್ಲಿ ನಮ್ಮವರಾರೂ ಬರುವುದಿರಲಿಲ್ಲ.

ಆಗ ಯುದ್ಧಕಾಲ. ಕರೆಂಟಿಲ್ಲದ ಊರುಗಳ ರೇಡಿಯೋಗಳಿಗೆ ಎರಡು ಬ್ಯಾಟರಿ: ವಾಲ್ವು ಬಿಸಿ ಮಾಡಲು ಸಣ್ಣದು, ದನಿಗೆ ಬಲ ಕೊಡಲು ದೊಡ್ಡದು. ದೊಡ್ಡದರ ತಂತಿ ಸಣ್ಣದರ ಜಾಗಕ್ಕೆ ಸೇರಿತೆಂದರೆ ವಾಲ್ವುಗಳೆಲ್ಲ ಒಂದೇ ಸಲ ಸುಟ್ಟುಹೋಗುತ್ತವೆ. ಆದ್ದರಿಂದ ಅಣ್ಣಯ್ಯ ವಾಲ್ವು ಕಿತ್ತಿಟ್ಟು, ಆ ತಂತಿಗಳಿಗೆ ಮೊದಲು ಟಾರ್ಚಿನ ಬಲ್ಬು ಹಚ್ಚಿ ನೋಡುತ್ತಿದ್ದ. ತಪ್ಪಿದ್ದರೆ ಬಲ್ಬು ಮಾತ್ರ ಸುಟ್ಟೀತು. “ಮೊದ್ಲು ಇದ್ನ ಕೇಳು, ಆಮೇಲೆ ರೇಡಿಯೋನ ಕೇಳು” ಎನ್ನುವುದು ಅವನ ಪಾಠ.

ಕೊಣನೂರಿನ ಬೆಲ್ಲದ ಮಂಡಿಯ ಶಿವಲಿಂಗಪ್ಪನವರ ಸೆಟ್ಟು ಕರಕರ ಎನ್ನುತ್ತ ಬಂದಿತ್ತು. ಅಣ್ಣಯ್ಯ ಸ್ಪೀಕರಿನ ಹರಿದ ಕಾಗದಕ್ಕೆ ಗಾಳಿಪಟದ ಕಾಗದ ಅಂಟಿಸಿ, ಸಡಿಲವಾಗಿದ್ದ ಎರಡು ತಂತಿಗಳನ್ನು ಬೆಸೆದು, ಬಲ್ಬನ್ನು ಬೆಂಕಿಪೊಟ್ಟಣದಲ್ಲಿಟ್ಟು ನನ್ನ ಜೇಬಿಗೆ ಹಾಕಿ ಕಳುಹಿಸಿದ. ಇದ್ದಿಲು ಗ್ಯಾಸಿನ ಬಸ್ಸು ಅರಕಲಗೂಡಿಗೆ ಮುಂಚಿನ ಏರಿನಲ್ಲಿ ನಿಂತಿತು. ಎಲ್ಲರೂ ಇಳಿದು ತಳ್ಳಿದರು. ನಾನು ಕಂಬಳಿ ಸುತ್ತಿದ ರೇಡಿಯೋ ತಬ್ಬಿಕೊಂಡು ಗಣ್ಯನಂತೆ ಹಿಂದೆ ನಡೆದೆ.

“ರೇಡಿಯೋ ತಂದ್ಯೋ, ಮಗೀನ ಎತ್ಕಂಡ್ ಬಂದ್ಯೋ?” ಎಂದರು ಶಿವಲಿಂಗಪ್ಪನವರು. ಸಂತೆಯ ದಿನ, ಮಂಡಿಯ ಮುಂದೆ ಜನ ಸೇರಿದರು. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ಅವರ ಮಗ ಬರ್ಮಾದ ಕಡೆ ದಂಡಿನಲ್ಲಿದ್ದ. “ಇಂಜನೇರ್ ಸಾ, ಬೇಗ ಆಗ್ಲಿ, ವಾರ್ತೆ ಟೇಮಾಯ್ತು” ಎಂದು ಯಾರೋ ಅಂದರು. ಜನ್ಮದಲ್ಲಿ ಮೊದಲ ಸಲ ಎಂಜಿನಿಯರಾದವನು ಅಷ್ಟು ಜನರೆದುರು ಬೆಂಕಿಪೊಟ್ಟಣ ತೆಗೆದು ಬಲ್ಬು ಹಚ್ಚಿ ತಡಕಾಡುವುದೇ? ನೇರವಾಗಿ ಅಲ್ಲಿದ್ದ ಬ್ಯಾಟರಿಗಳಿಗೆ ತಂತಿ ಸೇರಿಸಿದೆ; ಅವಸರದಲ್ಲಿ ದೊಡ್ಡದರ ತಂತಿ ಸಣ್ಣದರ ಜಾಗಕ್ಕೆ ಹೋಯಿತು. ನಾಲ್ಕು ವಾಲ್ವುಗಳೂ ಒಮ್ಮೆ ಮಿಂಚಿ ಆರಿದವು.

“ನಿಮ್ಮಣ್ಣ ನೋಡ್ದೆ ಕಳ್ಸವ್ನಾ?” ಎಂದು ಶಿವಲಿಂಗಪ್ಪನವರು ಕೇಳಿದಾಗ ನನ್ನ ತಲೆ ಹೌದೆಂದು ತಾನಾಗಿ ಅಲ್ಲಾಡಿತು. ಆ ತಾಯಿ ಮಾತ್ರ, “ಅಂಗಾರೆ ಇವತ್ತು ಸುದ್ದಿ ಇಲ್ವಾಪ್ಪ?” ಎಂದು ಒಳಗೆ ಹೋದರು.

ಹಾಸನದಲ್ಲಿ ಅಣ್ಣಯ್ಯ ಕೇಳಿದ್ದು ಒಂದೇ ಪ್ರಶ್ನೆ. “ಬಲ್ಬ್ ಹಚ್ಚಿ ನೋಡ್ದೇನ್ಲಾ?”

“ನೋಡ್ದೆ ಅಣ್ಣಯ್ಯ. ಸರ್ಯಾಗೇ ಉರೀತು.”

ನನ್ನ ಮಾತನ್ನು ನಂಬಿದ ಮೇಲೆ ಅವನಿಗೆ ಅನುಮಾನಪಡಲು ಉಳಿದದ್ದು ತನ್ನ ಕೈ ಒಂದೇ. ಎಲ್ಲೂ ವಾಲ್ವು ಸಿಗದ ಕಾಲವಾದ್ದರಿಂದ ತನ್ನ ಸ್ವಂತ ಸೆಟ್ಟಿನ ವಾಲ್ವುಗಳನ್ನು ಕಿತ್ತು ಕೊಣನೂರಿಗೆ ಕೊಟ್ಟ. ಅಂದಿನಿಂದ ಬೆಸೆದ ತಂತಿಯನ್ನು ಮೂರು ಸಲ ಎಳೆದು ನೋಡುವುದು, ಮುಚ್ಚಿದ ಪೆಟ್ಟಿಗೆಯನ್ನು ಮತ್ತೆ ಬಿಚ್ಚುವುದು ಅವನ ರೋಗವಾಯಿತು. ನಾನು ಅವನನ್ನು ನೋಡಲಾರದೆ ಬಸ್ಸು ನೋಡಲು ಹೋಗುತ್ತಿದ್ದೆ. ಯುದ್ಧ ಮುಗಿದು, ಕೊಣನೂರಿನ ಮಗ ಊರಿಗೆ ಬಂದು, ಅವನ ಮದುವೆಯೂ ಆಯಿತು. ನನ್ನ ಸುಳ್ಳು ಮಾತ್ರ ಇದ್ದಲ್ಲೇ ಇತ್ತು.

ಹೋದ ವಾರ ಚನ್ನರಾಯಪಟ್ಟಣದ ಮೇಷ್ಟರೊಬ್ಬರು ಬ್ಯಾಟರಿ ಸೆಟ್ಟು ಹೊತ್ತು ತಂದರು. ಅಣ್ಣಯ್ಯ ಮುಟ್ಟಲಿಲ್ಲ. “ಬ್ಯಾಟರಿ ಸೆಟ್ಟು ನನ್ ಕೈಗೆ ಒಗ್ಗಲ್ಲ ಸಾ, ಬೇರೆ ಕಡೆ ತೋರ್ಸಿ” ಎಂದ. ಜಿಲ್ಲೆಯಲ್ಲಿ ಅವನಷ್ಟು ಚೆನ್ನಾಗಿ ಆ ಕೆಲಸ ಬಲ್ಲವರನ್ನು ನಾನು ಕಂಡಿಲ್ಲ. ಮೇಷ್ಟರು ಹೊರಟ ಮೇಲೆ, ಬಾಗಿಲ ಕಡೆ ನಡೆದಿದ್ದ ನನ್ನ ಕಾಲನ್ನು ಹಿಡಿದು ನಿಲ್ಲಿಸಿ, ಎಲ್ಲ ಹೇಳಿದೆ.

ಏಟು ಬೀಳಲೆಂದು ಕಾದೆ. ಅವನು ಬೆಸುಗೆಯ ಕಾವುಕಡ್ಡಿ ಕೆಳಗಿಟ್ಟು, ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಅಂಗಾರೆ ನನ್ ಬೆಸುಗೆ ಸರ್ಯಾಗೇ ಇತ್ತು.”

“ಇತ್ತು ಅಣ್ಣಯ್ಯ.”

“ಏಳು ವರ್ಷ ಕಣ್ಲಾ, ನಂಜ.”

ಅಣ್ಣಯ್ಯ ಮುಂದಿದ್ದ ಸೆಟ್ಟಿನ ಕೊನೆಯ ತಿರುಪು ಬಿಗಿದ. ತಂತಿ ಎಳೆದು ನೋಡಲಿಲ್ಲ, ಮತ್ತೆ ಬಿಚ್ಚಲೂ ಇಲ್ಲ. “ಓಗು, ಆ ಮೇಷ್ಟ್ರುನ್ನ ಕರ್ಕಂಬಾ” ಎಂದ. ನಾನು ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಅಷ್ಟು ವರ್ಷಗಳಲ್ಲಿ ಅಲ್ಲಿ ನನಗೆ ಕೆಲಸವಿದ್ದದ್ದು ಅದೊಂದೇ ಸಲ.

ಮೇಷ್ಟರೊಂದಿಗೆ ಮರಳಿದಾಗ ಅಣ್ಣಯ್ಯ ಆಗ ಮುಚ್ಚಿದ್ದ ಸೆಟ್ಟಿನ ಗುಂಡಿ ತಿರುಗಿಸುತ್ತಿದ್ದ. ಅಭ್ಯಾಸಬಲದಿಂದ ನಾನು ಹೊರಗೆ ಹೊರಟೆ. “ಕೂತ್ಕಳ್ಲಾ” ಎಂದ. ಕೂತೆ. ಮೊಣಕಾಲು ತಾನಾಗಿ ಅಲ್ಲಾಡುತ್ತಿತ್ತು. ಅದನ್ನು ಎರಡು ಕೈಯಲ್ಲಿ ಅದುಮಿಕೊಂಡು, ಆ ಅರ್ಧ ನಿಮಿಷವನ್ನು ಪೂರ್ತಿ ಕಾದೆ.