ಎರಡು ಕಡೆ ಬರೆದ ಒಂದು ಸ್ಟ್ರಕ್ಚರ್

ಓದಿದವರೆಂದರೆ ನನಗೆ ತಾತ್ಸಾರ. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಸ್ಟಾಗಿ ಸೇರಿ, ಕೈಪಿಡಿ ನೋಡಿಕೊಂಡೇ ಸಿ ಭಾಷೆ ಕಲಿತವನು ನಾನು. ನುಂಗಂಬಾಕ್ಕಂನ ನಮ್ಮ ಸಣ್ಣ ಕಂಪನಿ ಮಣಲಿಯ ಕಾರ್ಖಾನೆಗಳ ಮೀಟರುಗಳಿಗೆ ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆಯುತ್ತಿತ್ತು. ಅದರ ಹೆಡರ್ ಫೈಲು ನನ್ನದು. ಯಾವ ಮಾಹಿತಿ ಎಷ್ಟು ಉದ್ದ, ಯಾವುದರ ಹಿಂದೆ ಯಾವುದು ಎಂದು ಉಳಿದ ಫೈಲುಗಳಿಗೆಲ್ಲ ಹೇಳುವುದು ಅದೇ. ನಾಲ್ಕು ಸಾವಿರ ಸಾಲು, ಒಂದೇ ಫೈಲು. ಮುಟ್ಟಬೇಕಾದರೆ ನನ್ನನ್ನು ಕೇಳಬೇಕು. ಇಂಜಿನಿಯರುಗಳು ಕೇಳುತ್ತಿದ್ದರು, ಕುರಿಗಳು.

ಹೊಸದಾಗಿ ಬಂದ ಮೈಸೂರಿನ ಹುಡುಗಿ ಮಾತ್ರ ಕೇಳಲಿಲ್ಲ. ಮೆಮೊರಿಗೊಂದು, ಟೈಮರಿಗೊಂದು, ಮೀಟರಿನ ಜೊತೆ ಮಾತಾಡುವ ಡ್ರೈವರಿಗೊಂದು ಎಂದು ಹೆಡರ್ ಒಡೆಯೋಣ ಎಂದಳು.

“ಏನಮ್ಮಾ, ಇಷ್ಟು ಡಬ್ಬಿ ಜೋಡಿಸಿ ಮಸಾಲೆ ಅಂಗಡಿ ಇಡ್ತೀಯಾ?” ಎಂದೆ. ಎಲ್ಲರೂ ನಕ್ಕರು.

“ಉಪ್ಪು ಬೇಕಾದವನು ಇಡೀ ಅಡುಗೆಮನೆ ಹೊತ್ಕೊಂಡು ಹೋಗಬೇಕಾ ಸಾರ್?” ಎಂದಳು. ಇನ್ನೂ ಜೋರಾಗಿ ನಕ್ಕರು.

ಮಾಲೀಕರು ಅವಳ ಮಾತಿಗೇ ಒಪ್ಪಿದರು, ಅವಳು ಒಡೆದಳು. ಅವಳ ಹೆಡರನ್ನು ಸಿಸ್ಟಂನ ತಿರುಳಾದ ನನ್ನ ಕರ್ನಲ್ ಕೋಡಿಗೆ ಸೇರಿಸಿಕೊಳ್ಳಲು ಒಂದು ಸಾಲು ಸಾಕಿತ್ತು. ಅವಳ ಫೈಲು ನನ್ನದರ ತಲೆಯ ಮೇಲೆ ಕೂರುವುದೇ? ಅದರಲ್ಲಿದ್ದ ಡ್ರೈವರ್ ಸ್ಟ್ರಕ್ಚರನ್ನು, ಅಂದರೆ ಮಾಹಿತಿಯ ಅಳತೆಪಟ್ಟಿಯನ್ನು, ಕೈಯಾರೆ ನಕಲು ಮಾಡಿ ನನ್ನಲ್ಲಿ ಬೇರೆಯೇ ಇಟ್ಟುಕೊಂಡೆ. ತಿಂಗಳ ನಂತರ ನನ್ನ ನಕಲಿನ ನಡುವೆ ಹೊಸದೊಂದು ಸಾಲು ಸೇರಿಸಿದೆ. ಅವಳದರಲ್ಲಿ ಸೇರಿಸಲು ಮರೆತೆ. ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿ ತಪಾಸಣೆ ಮಾಡುವ ಕಂಪೈಲರ್ ತುಟಿ ಬಿಚ್ಚಲಿಲ್ಲ. ಕರ್ನಲ್ ಒಂದು ಅಳತೆಯಲ್ಲಿ ಬರೆಯಿತು, ಡ್ರೈವರ್ ಇನ್ನೊಂದು ಅಳತೆಯಲ್ಲಿ ಓದಿತು. ಮಣಲಿಯಲ್ಲಿ, ಗ್ರಾಹಕರ ಎದುರಿಗೇ, ಮೀಟರು ಹುಚ್ಚು ಅಂಕಿ ತೋರಿಸಿ ನಿಂತುಹೋಯಿತು.

ತಪ್ಪು ನನಗೆ ಅರ್ಧ ಗಂಟೆಯಲ್ಲೇ ಸಿಕ್ಕಿತು. ನಕಲನ್ನು ಅಳಿಸಿ, ಅವಳ ಹೆಡರನ್ನು ಸೇರಿಸಿಕೊಳ್ಳುವ ಆ ಒಂದು ಸಾಲು ಹಾಕಿ, ಮೀಟಿಂಗಿಗೆ ಹೋದೆ. “ಹೆಡರ್ ಒಡೆದರೆ ಹೀಗೇ,” ಎಂದೆ. ಮೇಜಿನ ಸುತ್ತ ಕೂತಿದ್ದ, ಡಿಗ್ರಿ ಹೊತ್ತ ಐವರಲ್ಲಿ ಒಬ್ಬನೂ ನಾನು ತಿದ್ದುವ ಮುಂಚಿನ ಕೋಡು ತೆರೆದು ನೋಡಲಿಲ್ಲ. ಅವಳನ್ನು ಕೆಲಸದಿಂದ ತೆಗೆದರು. ನನ್ನ ಒಂದೇ ಫೈಲು ಮರಳಿ ಬಂತು. ನಾನು ನಿವೃತ್ತನಾಗುವವರೆಗೂ ಹಾಗೆಯೇ ಇತ್ತು.

ಮೊನ್ನೆ ಕೀಲ್ಪಾಕ್ ಬಸ್ ಸ್ಟಾಪಿನಲ್ಲಿ ಅವಳು ಸಿಕ್ಕಳು. ಎಲ್ಲ ಹೇಳಿದೆ. ಕ್ಷಮಿಸಮ್ಮಾ ಎಂದೆ.

“ನನಗ್ಯಾಕೆ ಹೇಳ್ತೀರಾ ಸಾರ್? ತಪ್ಪು ನನ್ನದಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಮೇಜಿನ ಸುತ್ತ ಕೂತಿದ್ದರಲ್ಲ, ಅವರಿಗೆ ಹೇಳಿ.” ಬಸ್ ಬಂತು, ಹತ್ತಿ ಹೋದಳು.

ಆ ಐವರನ್ನು ಕಂಡರೆ ನನಗೆ ಇಂದಿಗೂ ತಿರಸ್ಕಾರ. ನನ್ನನ್ನು ಕಂಡರೆ ಇನ್ನೂ ಹೆಚ್ಚು. ನಡೆದದ್ದನ್ನೆಲ್ಲ ಬರೆದು ಮಾಲೀಕರಿಗೂ ಅವರಿಗೂ ಸೇರಿಸಿ ಒಂದೇ ಮೇಲ್ ಕಳಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಬರೆಯಲು ಕೂತಿದ್ದರೆ, ಯಾವುದಾದರೂ ಒಂದರಲ್ಲಿ ನನಗೆ ಅನುಕೂಲವಾಗುವ ಹಾಗೆ ತಿದ್ದಿಬಿಡುತ್ತಿದ್ದೆ.